ಮೊದಲು ಬಿಟ್ಟು ಬಾ, ಆಮೇಲೆ ಮಾತ್ರೆ

ಜುಲೈ 28 ವಿಶ್ವ ಹೆಪಟೈಟಿಸ್ ದಿನ. ಅವತ್ತು ನಮ್ಮ ಆಫೀಸಿನ ಎಚ್‌ಆರ್‌ನವರು ಕೆಫೆಟೇರಿಯಾದ ಬಾಗಿಲಿಗೆ, ಕ್ರಿಕೆಟ್ ಟೂರ್ನಿಯ ಪೋಸ್ಟರ್ ಪಕ್ಕದಲ್ಲಿ, ಇನ್ನೊಂದು ಪೋಸ್ಟರ್ ಅಂಟಿಸಿದ್ದರು. ಹೆಪಟೈಟಿಸ್ ಸಿ ಯಾರಿಗೆಲ್ಲಾ ಬರಬಹುದು ಅನ್ನೋ ಪಟ್ಟಿಯಲ್ಲಿ ಮೂರನೇ ಸಾಲು: ಸೂಜಿಯಿಂದ ಡ್ರಗ್ಸ್ ತೆಗೆದುಕೊಳ್ಳುವವರು. ಪೋಸ್ಟರಿನ ಕೊನೇ ಸಾಲು: ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ತಟ್ಟೆ ಹಿಡ್ಕೊಂಡು ನಿಂತಿದ್ದ ಸಹೋದ್ಯೋಗಿಯೊಬ್ಬ ಆ ಎರಡೂ ಸಾಲನ್ನು ಕೂಡಿಸಿ ಓದಿದ. "ಸೂಪರ್ ಗುರೂ. ಟ್ಯಾಕ್ಸ್ ಕಟ್ಟೋದು ನಾವು, ಚುಚ್ಕೊಳ್ಳೋದು ಅವ್ರು, ಲಿವರ್ ರಿಪೇರಿ ನಮ್ ದುಡ್ಡಲ್ಲಿ!" ಎಲ್ಲರೂ ನಕ್ಕರು. ನಾನೂ ಅರ್ಧ ನಕ್ಕೆ. ಆ ಅರ್ಧ ನಗು ಇನ್ನೂ ಗಂಟಲಲ್ಲೇ ಸಿಕ್ಕಿಹಾಕ್ಕೊಂಡಿದೆ. ಅದಕ್ಕೇ ಇದನ್ನು ಬರೀತಿದ್ದೇನೆ.

ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ನನ್ನ ರೂಮ್‌ಮೇಟ್ ಆಗಿದ್ದವನ ಕಥೆ ನನಗೆ ಗೊತ್ತು. ಹೆಸರು ಬೇಡ, ಊರೂ ಬೇಡ. ನಮ್ಮ ನಿಮ್ಮ ಹಾಗೇ ಕ್ಯಾಂಪಸ್ಸಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದವನು. ಬೈಕ್ ಬಿದ್ದು ಸೊಂಟಕ್ಕೆ ಏಟಾಯಿತು, ನೋವಿನ ಮಾತ್ರೆ ಶುರುವಾಯಿತು. ನೋವು ಹೋದ ಮೇಲೂ ಮಾತ್ರೆ ಹೋಗಲಿಲ್ಲ. ಆಮೇಲೆ ಅದೇ ಜಾತಿಯ ಮಾತ್ರೆಯನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಸಿರಿಂಜಿಗೆ ಎಳೆದು ಚುಚ್ಚಿಕೊಳ್ಳುವುದನ್ನು ಯಾರೋ ಕಲಿಸಿದರು. ಇದೆಲ್ಲ ಪಂಜಾಬಿನ ಕಥೆ, ಸಿನಿಮಾದ ಕಥೆ ಅಂದುಕೊಂಡಿದ್ದವನು ನಾನು. ಎಚ್‌ಎಸ್‌ಆರ್ ಲೇಔಟಿನ ಪಿಜಿ ರೂಮಿನಲ್ಲಿ ಅದನ್ನು ನೋಡುವ ತನಕ.

ಒಂದು ದಿನ ಅವನೇ ಹೇಳಿದ, "ಟೆಸ್ಟ್ ಮಾಡಿಸ್ಬೇಕು ಮಗಾ, ಜೊತೆಗೆ ಬರ್ತೀಯಾ?" ಹೋದೆವು. ಒಂದು ಆಸ್ಪತ್ರೆ. ಬೆರಳಿಗೆ ಚುಚ್ಚಿ ಮಾಡುವ ಟೆಸ್ಟು ಪಾಸಿಟಿವ್ ಬಂತು. ಅದು ಪ್ರತಿಕಾಯದ ಟೆಸ್ಟು. ವೈರಸ್ ಈಗಲೂ ಮೈಯಲ್ಲಿದೆಯಾ ಅಂತ ತಿಳಿಯೋಕೆ ಇನ್ನೊಂದು ಟೆಸ್ಟ್ ಆಗಬೇಕು, ಅದಕ್ಕೆ ತೋಳಿಂದ ರಕ್ತ ಬೇಕು. ಅವನ ನರಗಳೆಲ್ಲ ಗಟ್ಟಿಯಾಗಿಬಿಟ್ಟಿದ್ದವು. ನಾಲ್ಕು ಸಲ ಚುಚ್ಚಿಯೂ ರಕ್ತ ಸಿಗದೇ ಹೋದಾಗ ಟೆಕ್ನೀಷಿಯನ್ನು, ಹಿಂದೆ ಸಾಲಲ್ಲಿ ನಿಂತವರಿಗೆಲ್ಲ ಕೇಳೋ ಹಾಗೆ, "ನೀನೇ ಚುಚ್ಕೊಳ್ಳುವಾಗ ಸಿಗುತ್ತಲ್ಲ ನರ, ಈಗ ಯಾಕೆ ಸಿಗಲ್ಲ?" ಅಂದರು. ಡಾಕ್ಟರು ಒಂದೇ ಪ್ರಶ್ನೆ ಕೇಳಿದರು. "ಈಗ್ಲೂ ತಗೋತಿದ್ದೀಯಾ?" ಇವನು ನಿಜ ಹೇಳಿದ. "ಹಾಗಾದ್ರೆ ಮೊದಲು ಅದನ್ನ ಬಿಟ್ಟು ಬಾ. ಆರು ತಿಂಗಳು ಕ್ಲೀನ್ ಆಗಿರು. ಆಮೇಲೆ ಮಾತ್ರೆ ನೋಡೋಣ. ಈಗ ಕೊಟ್ರೆ ವೇಸ್ಟು."

ಅವನು ಬಿಡಲಿಲ್ಲ. ಆ ಆಸ್ಪತ್ರೆಗೆ ಮತ್ತೆ ಹೋಗಲೂ ಇಲ್ಲ.

ಆ ಒಂದು ವಾಕ್ಯದ ಜೊತೆ ನನ್ನ ಜಗಳ. ಮೊದಲು ಬಿಟ್ಟು ಬಾ, ಆಮೇಲೆ ಮಾತ್ರೆ. ಕೇಳೋಕೆ ಎಷ್ಟು ನ್ಯಾಯವಾಗಿದೆ ನೋಡಿ! ನಮ್ಮ ಅಜ್ಜಿಯೂ ಹೀಗೇ ಅನ್ನುತ್ತಿದ್ದರೇನೋ. ಆದರೆ ವೈದ್ಯಕೀಯವಾಗಿ ಅದು ತಪ್ಪು, ಲೆಕ್ಕದಲ್ಲಿ ತಪ್ಪು, ಕೊನೆಗೆ ಮನುಷ್ಯತ್ವದಲ್ಲೂ ತಪ್ಪು. ಒಂದೊಂದಾಗಿ ಹೇಳುತ್ತೇನೆ.

ಮೊದಲು ಕಾಯಿಲೆ. ಹೆಪಟೈಟಿಸ್ ಸಿ ವೈರಸ್ ಪತ್ತೆಯಾಗಿದ್ದು 1989ರಲ್ಲಿ. ಅದರ ಹಿಂದೆ ದುಡಿದ ಮೂವರಿಗೆ, ಹಾರ್ವಿ ಆಲ್ಟರ್, ಮೈಕಲ್ ಹೌಟನ್, ಚಾರ್ಲ್ಸ್ ರೈಸ್, 2020ರ ನೊಬೆಲ್ ಬಂತು. ಈ ವೈರಸ್ ಹರಡುವುದು ರಕ್ತದಿಂದ ರಕ್ತಕ್ಕೆ. ಕೈ ಕುಲುಕಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಬರಲ್ಲ. ಬಂದವರಲ್ಲಿ ಕೆಲವರಿಗೆ ತಾನಾಗಿಯೇ ಹೋಗುತ್ತೆ, ಹೆಚ್ಚಿನವರಲ್ಲಿ ಉಳಿದುಬಿಡುತ್ತೆ. ಉಳಿದದ್ದು ಸದ್ದೇ ಮಾಡಲ್ಲ. ಹತ್ತು, ಇಪ್ಪತ್ತು ವರ್ಷ ಒಳಗೊಳಗೇ ಲಿವರನ್ನು ಕೊರೆದು, ಸಿರೋಸಿಸ್ ಮಾಡಿ, ಕೆಲವರಿಗೆ ಕ್ಯಾನ್ಸರ್ ತಂದು, ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡಾಗ ನಮಗೆ ಗೊತ್ತಾಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ ಭಾರತದಲ್ಲಿ ಈ ಸೋಂಕು ಇರುವವರು ಸುಮಾರು 55 ಲಕ್ಷ. ಅವರಲ್ಲಿ ಬಹಳಷ್ಟು ಜನಕ್ಕೆ ತಮಗೆ ಸೋಂಕಿದೆ ಅನ್ನೋದೇ ಗೊತ್ತಿಲ್ಲ.

ಸಿರಿಂಜಿನೊಳಗೆ ಉಳಿದ ಒಂದು ಹನಿ ರಕ್ತ ಸಾಕು. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಕೆಲವು ಬಗೆಯ ಸಿರಿಂಜುಗಳ ಒಳಗೆ ಈ ವೈರಸ್ 63 ದಿನದ ತನಕ ಜೀವಂತವಾಗಿ ಉಳಿದದ್ದು ಕಂಡುಬಂತು. ಎರಡು ತಿಂಗಳು! ಸಿರಿಂಜೊಂದೇ ಅಲ್ಲ, ಮಾತ್ರೆ ಕಲಸುವ ನೀರು, ಸೋಸುವ ಹತ್ತಿ, ಬಿಸಿ ಮಾಡುವ ಚಮಚ ಹಂಚಿಕೊಂಡರೂ ಸೋಂಕಿನ ಅಪಾಯ ಇದ್ದೇ ಇದೆ. ಅದಕ್ಕೇ ಚುಚ್ಚಿಕೊಳ್ಳುವವರ ನಡುವೆ ಇದು ಇಷ್ಟು ಬೇಗ ಹರಡೋದು. ಅವರು ಕೆಟ್ಟವರು ಅಂತಲ್ಲ, ಹೊಸ ಸಿರಿಂಜು ಸಿಕ್ಕಿಲ್ಲ ಅಂತ.

ಸೂಜಿ ಅಂದ ತಕ್ಷಣ ಪಾಪ ಅಂತ ಮುಖ ತಿರುಗಿಸುವವರಿಗೆ ಈಜಿಪ್ಟಿನ ಕಥೆ ಹೇಳಬೇಕು. ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಹೆಪಟೈಟಿಸ್ ಸಿ ಇದ್ದ ದೇಶಗಳಲ್ಲಿ ಈಜಿಪ್ಟ್ ಒಂದು. ಕಾರಣ ಡ್ರಗ್ಸ್ ಅಲ್ಲ. 1950ರ ದಶಕದಿಂದ 80ರ ದಶಕದ ತನಕ ನೈಲ್ ನದಿ ದಂಡೆಯ ಹಳ್ಳಿಗಳಲ್ಲಿ ಶಿಸ್ಟೊಸೋಮಿಯಾಸಿಸ್ ಎಂಬ ಹುಳುವಿನ ಕಾಯಿಲೆಗೆ ಸರ್ಕಾರವೇ ಜನರಿಗೆ ಸಾಮೂಹಿಕವಾಗಿ ಇಂಜೆಕ್ಷನ್ ಕೊಡಿಸಿತು. ಗಾಜಿನ ಸಿರಿಂಜುಗಳನ್ನು ಸರಿಯಾಗಿ ಕುದಿಸದೆ ಒಬ್ಬರಾದ ಮೇಲೆ ಒಬ್ಬರಿಗೆ ಚುಚ್ಚಿದರು. ಒಳ್ಳೆಯ ಉದ್ದೇಶದ ಸರ್ಕಾರಿ ಸೂಜಿಯೇ ವೈರಸ್ಸನ್ನು ಊರೂರಿಗೆ ಹಂಚಿತು. ನಮ್ಮಲ್ಲೂ ಒಂದೇ ಸೂಜಿಯಲ್ಲಿ ಹತ್ತು ಜನಕ್ಕೆ ಚುಚ್ಚುವ ಡಾಕ್ಟರುಗಳು, ಟೆಸ್ಟ್ ಮಾಡದೆ ಕೊಟ್ಟ ರಕ್ತ, ಡಯಾಲಿಸಿಸ್ ಯಂತ್ರಗಳು ಇದನ್ನು ಬೇಕಾದಷ್ಟು ಹರಡಿವೆ. ಆ ರೋಗಿಗಳನ್ನು ಯಾರೂ "ಮೊದಲು ಡಯಾಲಿಸಿಸ್ ಬಿಟ್ಟು ಬಾ" ಅನ್ನಲ್ಲ. ವೈರಸ್ ಒಂದೇ, ಲಿವರ್ ಒಂದೇ. ಸೂಜಿ ಹಿಡಿದ ಕೈ ಯಾರದು ಅಂತ ನೋಡಿ ನಾವು ಔಷಧಿ ಕೊಡೋದೋ ಬೇಡವೋ ನಿರ್ಧರಿಸ್ತಿದ್ದೇವೆ.

ಈಗ ಔಷಧಿ. "ಆರು ತಿಂಗಳು ಕ್ಲೀನ್" ನಿಯಮ ಎಲ್ಲಿಂದ ಬಂತು ಗೊತ್ತಾ? ಹಳೇ ಕಾಲದ ಚಿಕಿತ್ಸೆಯಿಂದ. ಆಗ ಇದಕ್ಕೆ ಇದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್ನು, ಜೊತೆಗೆ ರಿಬಾವಿರಿನ್ ಮಾತ್ರೆ. ಆರು ತಿಂಗಳಿಂದ ಒಂದು ವರ್ಷ. ಜ್ವರ, ಮೈಕೈ ನೋವು, ರಕ್ತಹೀನತೆ, ಖಿನ್ನತೆ. ಇಷ್ಟೆಲ್ಲ ಅನುಭವಿಸಿದರೂ ವಾಸಿಯಾಗುವ ಖಾತ್ರಿ ಇರಲಿಲ್ಲ. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರು, ಡ್ರಗ್ಸ್ ತೆಗೆದುಕೊಳ್ಳುವವರು ಕನಿಷ್ಠ ಆರು ತಿಂಗಳು ಅದನ್ನು ಬಿಟ್ಟ ಮೇಲೆ ಚಿಕಿತ್ಸೆ ಶುರು ಮಾಡಿ ಅಂದರು. 2002ರಲ್ಲಿ ಅದೇ ಸಂಸ್ಥೆಯ ತಜ್ಞರು ಮಾತು ಬದಲಿಸಿದರು: ಎಲ್ಲರಿಗೂ ಒಂದೇ ನಿಯಮ ಬೇಡ, ಒಬ್ಬೊಬ್ಬರನ್ನು ನೋಡಿ ನಿರ್ಧರಿಸಿ. ಅಂದರೆ ಆ ನಿಯಮವನ್ನು ಮಾಡಿದವರೇ ಐದು ವರ್ಷದಲ್ಲಿ ಕೈಬಿಟ್ಟರು. ನಮ್ಮ ಕೆಲವು ಓಪಿಡಿ ಕೋಣೆಗಳಲ್ಲಿ ಅದು ಇನ್ನೂ ಕುರ್ಚಿ ಹಾಕಿಕೊಂಡು ಕೂತಿದೆ.

2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೋಸ್ಬುವಿರ್ ಮಾತ್ರೆಗೆ ಅನುಮತಿ ಸಿಕ್ಕಿತು. ಅಲ್ಲಿಂದ ಎಲ್ಲ ಬದಲಾಯಿತು. ಈಗ ಲಿವರ್ ಗಟ್ಟಿಯಾಗದ ರೋಗಿಗೆ ದಿನಕ್ಕೆ ಒಂದು ಸೊಫೋಸ್ಬುವಿರ್, ಒಂದು ಡಕ್ಲಾಟಸ್ವಿರ್. 12 ವಾರ, 84 ದಿನ, ಮುಗೀತು. ಸಿರೋಸಿಸ್ ಶುರುವಾದವರಿಗೆ ಡಕ್ಲಾಟಸ್ವಿರ್ ಬದಲು ವೆಲ್ಪಟಸ್ವಿರ್. ನೂರರಲ್ಲಿ 90ಕ್ಕೂ ಹೆಚ್ಚು ಜನಕ್ಕೆ ವೈರಸ್ ಪೂರ್ತಿ ಹೋಗುತ್ತೆ. ಕಂಟ್ರೋಲ್ ಅಲ್ಲ ಸ್ವಾಮಿ, ಗುಣ. ಬಿಪಿ, ಶುಗರ್ ಥರ ಜೀವನಪೂರ್ತಿ ನುಂಗೋ ಮಾತ್ರೆ ಇದಲ್ಲ.

"ಸರಿ, ಆದ್ರೆ ಡ್ರಗ್ಸ್ ತಗೊಳ್ಳೋರು ಮಾತ್ರೆ ಸರಿಯಾಗಿ ತಗೋತಾರಾ?" ಇದು ಮುಂದಿನ ಪ್ರಶ್ನೆ. ಉತ್ತರ ಊಹೆ ಮಾಡಬೇಕಿಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಸಿಂಪ್ಲಿಫೈ ಎಂಬ ಅಧ್ಯಯನದಲ್ಲಿ ಹಲವು ದೇಶಗಳ 103 ಜನಕ್ಕೆ ಇಂಥದ್ದೇ ಮಾತ್ರೆ ಕೊಟ್ಟರು. ಎಲ್ಲರೂ ಇತ್ತೀಚೆಗೆ ಚುಚ್ಚಿಕೊಂಡವರೇ, ಚಿಕಿತ್ಸೆ ನಡೆಯುವಾಗಲೂ ಚುಚ್ಚಿಕೊಳ್ಳುತ್ತಿದ್ದವರು ಬಹಳ ಜನ. 97 ಜನಕ್ಕೆ ಗುಣವಾಯಿತು, ಅಂದರೆ ನೂರಕ್ಕೆ 94. ನಮ್ಮ ಆಫೀಸಿನಲ್ಲಿ ಆಂಟಿಬಯಾಟಿಕ್ ಕೋರ್ಸನ್ನು ಐದು ದಿನ ಪೂರ್ತಿ ನುಂಗಿದವರು ನೂರಕ್ಕೆ 94 ಜನ ಸಿಗ್ತಾರಾ? ನನಗಂತೂ ಡೌಟು. ನಾನು ಮೂರನೇ ದಿನಕ್ಕೇ ನಿಲ್ಲಿಸುವ ಗಿರಾಕಿ.

ಆಸ್ಟ್ರೇಲಿಯಾ 2016ರ ಮಾರ್ಚಿನಲ್ಲಿ ಈ ಮಾತ್ರೆಗಳನ್ನು ಸರ್ಕಾರಿ ಸಹಾಯಧನದ ಪಟ್ಟಿಗೆ ಸೇರಿಸಿತು. ಲಿವರ್ ಎಷ್ಟು ಹಾಳಾಗಿದೆ ಅಂತಲೂ ಕೇಳಲಿಲ್ಲ, ಈಗಲೂ ಚುಚ್ಚಿಕೊಳ್ತೀಯಾ ಅಂತಲೂ ಕೇಳಲಿಲ್ಲ. ಮೂಲೆಯ ಕ್ಲಿನಿಕ್ಕಿನ ಸಾಮಾನ್ಯ ಡಾಕ್ಟರೂ ಬರೆದುಕೊಡಬಹುದು ಅಂದರು. ಯಾಕೆ ಹೀಗೆ ಮಾಡಿದರು? ಕರುಣೆ ಉಕ್ಕಿ ಬಂದು ಅಂತ ಅಂದುಕೊಳ್ಳಬೇಡಿ. ಲೆಕ್ಕ ಹಾಕಿ ಮಾಡಿದರು. ವೈರಸ್ ಎಲ್ಲಿ ಹರಡ್ತಾ ಇದೆಯೋ ಅಲ್ಲೇ ಅದನ್ನು ಕೊಲ್ಲಬೇಕು. ಇವತ್ತು ಚುಚ್ಚಿಕೊಳ್ಳುವ ಒಬ್ಬನಿಗೆ ಗುಣವಾದರೆ ನಾಳೆ ಅವನ ಸಿರಿಂಜಿನಿಂದ ಇನ್ನೊಬ್ಬನಿಗೆ ಹೋಗಲ್ಲ. ನಲ್ಲಿ ಸೋರುತ್ತಿರುವಾಗ "ಮೊದಲು ಸೋರೋದು ನಿಲ್ಲಲಿ, ಆಮೇಲೆ ರಿಪೇರಿ ಮಾಡ್ತೀನಿ" ಅನ್ನುವ ಪ್ಲಂಬರನ್ನು ನೀವು ಮನೆಗೆ ಕರೀತೀರಾ?

ಈಗ ಬರೋಣ, ನನ್ನ ಸಹೋದ್ಯೋಗಿಯ ಪ್ರೀತಿಯ ವಿಷಯಕ್ಕೆ. ದುಡ್ಡು.

ಈ ಮಾತ್ರೆ ತಂದ ಗಿಲಿಯಡ್ ಕಂಪನಿ ಅಮೆರಿಕದಲ್ಲಿ ಒಂದು ಮಾತ್ರೆಗೆ 1000 ಡಾಲರ್ ಇಟ್ಟಿತು. 84 ದಿನಕ್ಕೆ 84,000 ಡಾಲರ್. ಲಿವರ್‌ಪೂಲಿನ ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿ, ಅಷ್ಟೂ ಮಾತ್ರೆಯನ್ನು ತಯಾರಿಸುವ ಖರ್ಚು 68ರಿಂದ 136 ಡಾಲರ್ ಆಗಬಹುದು ಅಂದರು. 84,000 ಎಲ್ಲಿ, 136 ಎಲ್ಲಿ! ಆ ವರ್ಷ ಸೆಪ್ಟೆಂಬರಿನಲ್ಲಿ ಗಿಲಿಯಡ್ 91 ದೇಶಗಳಿಗೆ ಮಾರುವಂತೆ ಭಾರತದ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟಿತು. ಆ ಪಟ್ಟಿಯಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಇತ್ತು, ಆಮೇಲೆ ಬಯೋಕಾನ್ ಕೂಡ ಸೇರಿತು. 2015ರಲ್ಲಿ ಇಲ್ಲಿ 28 ಮಾತ್ರೆಯ ಡಬ್ಬಿ ಸುಮಾರು 20 ಸಾವಿರ ರೂಪಾಯಿಗೆ ಬಂತು, ಪೈಪೋಟಿ ಹೆಚ್ಚಿದ ಹಾಗೆ ಇನ್ನೂ ಇಳಿಯಿತು. ಈಗ ವಿಶ್ವ ಆರೋಗ್ಯ ಸಂಸ್ಥೆ 12 ವಾರದ ಚಿಕಿತ್ಸೆಗೆ ಹೇಳುವ ಮಾನದಂಡದ ಬೆಲೆ 60 ಡಾಲರ್. ಐದು ಸಾವಿರ ರೂಪಾಯಿ ಚಿಲ್ಲರೆ. ಕಳೆದ ಶುಕ್ರವಾರ ನಾವು ಆರು ಜನ ಕೋರಮಂಗಲದಲ್ಲಿ ಟೀಮ್ ಲಂಚ್ ಅಂತ ತಿಂದು ಬಂದದ್ದು ಇದಕ್ಕಿಂತ ಜಾಸ್ತಿ. ಇನ್ನೊಂದು ಕಡೆ, ಅದೇ ಮನುಷ್ಯನ ಲಿವರ್ ಪೂರ್ತಿ ಹಾಳಾಗಿ ಬದಲಿ ಲಿವರ್ ಹಾಕಿಸಬೇಕು ಅಂದರೆ ಲಕ್ಷಗಳಲ್ಲಿ ಎಣಿಸಬೇಕು. ಟ್ಯಾಕ್ಸ್ ದುಡ್ಡು ಉಳಿಸಬೇಕು ಅನ್ನುವವರು ಮಾತ್ರೆಯನ್ನು ಬೇಗ ಕೊಡಿ ಅಂತ ಗಲಾಟೆ ಮಾಡಬೇಕು, ಬೇಡ ಅಂತಲ್ಲ.

ಇನ್ನೊಂದು ವಿಷಯ ಇದೆ, ಇದು ನನಗೆ ತುಂಬಾ ಮುಖ್ಯ. ಭಾರತದಲ್ಲಿ ಸೊಫೋಸ್ಬುವಿರ್ ಪೇಟೆಂಟಿಗೆ ತಕರಾರು ಅರ್ಜಿ ಹಾಕಿದವರು ಯಾರು? ಔಷಧ ಕಂಪನಿಯಾದ ನ್ಯಾಟ್ಕೋ ಹಾಕಿತು, ಪೇಟೆಂಟುಗಳ ವಿರುದ್ಧ ಹೋರಾಡುವ ಐ-ಮ್ಯಾಕ್ ಹಾಕಿತು, ಜೊತೆಗೆ ಎಚ್‌ಐವಿ ಜೊತೆ ಬದುಕುತ್ತಿರುವವರ ಸಂಘವಾದ ಡೆಲ್ಲಿ ನೆಟ್‌ವರ್ಕ್ ಆಫ್ ಪಾಸಿಟಿವ್ ಪೀಪಲ್ ಹಾಕಿತು. 2015ರ ಜನವರಿಯಲ್ಲಿ ಪೇಟೆಂಟ್ ಕಚೇರಿ ಒಂದು ಅರ್ಜಿಯನ್ನು ತಳ್ಳಿಹಾಕಿತು. 2016ರಲ್ಲಿ ಕೊನೆಗೂ ಪೇಟೆಂಟ್ ಸಿಕ್ಕಿತು, ಆ ಮಾತು ಬೇರೆ. ಆದರೆ ಆ ಜಗಳ ಬೆಲೆಯ ಪ್ರಶ್ನೆಯನ್ನು ಮುಚ್ಚಿಹೋಗದ ಹಾಗೆ ನೋಡಿಕೊಂಡಿತು. ಇಂಫಾಲದಲ್ಲಿ, ದೆಹಲಿಯಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆ ಬೇಕು ಅಂತ ಮೊದಲು ಬೀದಿಗಿಳಿದವರಲ್ಲಿ ಒಂದು ಕಾಲಕ್ಕೆ ಸೂಜಿ ಹಿಡಿದಿದ್ದವರು, ಎಚ್‌ಐವಿ ಜೊತೆ ಇದನ್ನೂ ಹೊತ್ತುಕೊಂಡವರು ಇದ್ದರು. ನಾಳೆ ನನ್ನ ಅಪ್ಪನಿಗೋ ನಿಮ್ಮ ಅಮ್ಮನಿಗೋ ಹಳೇ ಆಪರೇಷನ್ನಿನ ರಕ್ತದಿಂದ ಬಂದ ಹೆಪಟೈಟಿಸ್ ಸಿ ಪತ್ತೆಯಾದರೆ ಅವರು ನುಂಗುವ ಅಗ್ಗದ ಮಾತ್ರೆಯಲ್ಲಿ ಆ ಜನರ ಬೆವರೂ ಇದೆ. "ನಮ್ಮ ದುಡ್ಡಲ್ಲಿ ಅವರ ಚಿಕಿತ್ಸೆ" ಅನ್ನುವ ಮೊದಲು, ಅವರ ಹೋರಾಟದಲ್ಲಿ ನಮ್ಮ ಚಿಕಿತ್ಸೆಯೂ ಇದೆ ಅನ್ನೋದು ನೆನಪಿರಲಿ.

ಮಣಿಪುರದ ಹೆಸರು ಬಂತಲ್ಲ. ಮ್ಯಾನ್ಮಾರ್ ಗಡಿಗೆ ಅಂಟಿಕೊಂಡ ಆ ರಾಜ್ಯದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಪತ್ತೆಯಾದದ್ದು 1989-90ರಲ್ಲಿ. ಆಗ ಮೊದಲು ಆದದ್ದು ಬಂಧನ, ಹೊಡೆತ, ಜೈಲು. ಅದರಿಂದ ವೈರಸ್ ನಿಲ್ಲಲಿಲ್ಲ. ನಿಧಾನಕ್ಕೆ ಹೊಸ ಸಿರಿಂಜು ಹಂಚುವ, ಹೆರಾಯಿನ್ ಬದಲು ನಾಲಿಗೆ ಕೆಳಗಿಡುವ ಬುಪ್ರೆನಾರ್ಫಿನ್ ಮಾತ್ರೆ ಕೊಡುವ ಕೇಂದ್ರಗಳು ಬಂದವು. ಈಗ ಅದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ನಾಕೋದ ಕಾರ್ಯಕ್ರಮ. ಬುದ್ಧಿ ಹೇಳುವುದಕ್ಕಿಂತ ಸಿರಿಂಜು ಕೊಡುವುದು ಕೆಲಸ ಮಾಡುತ್ತೆ ಅನ್ನೋ ಪಾಠವನ್ನು ಈ ದೇಶ ಮೂವತ್ತು ವರ್ಷದ ಹಿಂದೆಯೇ ಕಲಿತಿದೆ. ಹೆಪಟೈಟಿಸ್ ಸಿ ವಿಷಯಕ್ಕೆ ಬಂದಾಗ ಮಾತ್ರ ಒಂದನೇ ಕ್ಲಾಸಿಂದ ಶುರು ಮಾಡ್ತೀವಿ.

ಪಂಜಾಬನ್ನು ನೋಡಿ. 2016ರ ಜೂನ್ ನೆನಪಿದೆಯಾ? "ಉಡ್ತಾ ಪಂಜಾಬ್" ಸಿನಿಮಾಕ್ಕೆ ಸೆನ್ಸಾರ್ ಕತ್ತರಿ ಹಾಕಿತು ಅಂತ ನಾವೆಲ್ಲ ಟ್ವಿಟರಿನಲ್ಲಿ ರಾತ್ರಿಯಿಡೀ ಕೂಗಾಡಿದ್ದೆವು. ಕೊನೆಗೆ ಬಾಂಬೆ ಹೈಕೋರ್ಟ್ ಸಿನಿಮಾ ಬಿಡಿಸಿತು, ನಾವು ಗೆದ್ದೆವು, ಪಾಪ್‌ಕಾರ್ನ್ ತಿಂದೆವು. ಅದೇ ಜೂನ್ ತಿಂಗಳಲ್ಲಿ ಪಂಜಾಬ್ ಸರ್ಕಾರ ಹೆಪಟೈಟಿಸ್ ಸಿಗೆ ಉಚಿತ ಚಿಕಿತ್ಸೆ ಶುರು ಮಾಡಿತು. ಅದು ನಮ್ಮ ಯಾರ ಟೈಮ್‌ಲೈನಿನಲ್ಲೂ ಬರಲಿಲ್ಲ. ದೊಡ್ಡ ಲಿವರ್ ಸ್ಪೆಷಲಿಸ್ಟುಗಳನ್ನು ಕಾಯದೆ, 22 ಜಿಲ್ಲಾ ಆಸ್ಪತ್ರೆ ಮತ್ತು ಮೂರು ವೈದ್ಯಕೀಯ ಕಾಲೇಜುಗಳ ಡಾಕ್ಟರುಗಳಿಗೆ ಚಂಡೀಗಢದಿಂದ ತರಬೇತಿ ಕೊಟ್ಟರು. ಮೊದಲ 48 ಸಾವಿರ ಚಿಲ್ಲರೆ ರೋಗಿಗಳ ಲೆಕ್ಕ 2019ರಲ್ಲಿ ಪ್ರಕಟವಾಯಿತು, ನೂರಕ್ಕೆ 90ಕ್ಕೂ ಹೆಚ್ಚು ಜನಕ್ಕೆ ಗುಣ. 2018ರ ಜುಲೈ 28ರಂದು ಇಡೀ ದೇಶಕ್ಕೆ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಬಂತು. ಪರೀಕ್ಷೆ ಉಚಿತ, ಮಾತ್ರೆ ಉಚಿತ. ಚುಚ್ಚಿಕೊಳ್ಳುವವರನ್ನು ಹೆಚ್ಚು ಅಪಾಯ ಇರುವ ಗುಂಪು, ಹುಡುಕಿ ಟೆಸ್ಟ್ ಮಾಡಬೇಕಾದವರು ಅಂತ ಅದೇ ಕಾರ್ಯಕ್ರಮ ಹೇಳುತ್ತೆ.

ಹಾಗಾದರೆ ಕಾಗದದ ಮೇಲೆ ಎಲ್ಲ ಇದೆ. ತೊಂದರೆ ಎಲ್ಲಿ? ಕಾಗದದಿಂದ ಕೌಂಟರಿಗೆ ಬರುವ ದಾರಿಯಲ್ಲಿ.

ನನ್ನ ಗೆಳೆಯನ ಮೈ ಒಂದೇ, ಅದಕ್ಕೆ ಬಾಗಿಲು ನಾಲ್ಕು. ಹೊಸ ಸಿರಿಂಜು, ಬುಪ್ರೆನಾರ್ಫಿನ್ ಬೇಕಾದರೆ ನಾಕೋ ಕೇಂದ್ರ. ಲಿವರಿನ ಮಾತ್ರೆ ಬೇಕಾದರೆ ಹೆಪಟೈಟಿಸ್ ಕಾರ್ಯಕ್ರಮದ ಆಸ್ಪತ್ರೆ. ಚಟ ಬಿಡಿಸುವ ಕೇಂದ್ರಕ್ಕೆ ದುಡ್ಡು ಕೊಡುವುದು ಸಾಮಾಜಿಕ ನ್ಯಾಯ ಸಚಿವಾಲಯ. ನಾಲ್ಕನೆಯದು ಪೊಲೀಸು. 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಡ್ರಗ್ಸ್ ಸೇವನೆಯೇ ಅಪರಾಧ, ಹೆರಾಯಿನ್ ಥರದ್ದಾದರೆ ಒಂದು ವರ್ಷದ ತನಕ ಜೈಲು. ಅದೇ ಕಾಯ್ದೆಯ 64ಎ ಸೆಕ್ಷನ್, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತೆ. ಆದರೆ ಓಪಿಡಿ ಸಾಲಲ್ಲಿ ನಿಂತವನಿಗೆ 64ಎ ಗೊತ್ತಿರಲ್ಲ, ಬಾಗಿಲಲ್ಲಿ ನಿಂತ ಕಾನ್‌ಸ್ಟೇಬಲ್ ಮಾತ್ರ ಕಾಣ್ತಾನೆ. ಇಷ್ಟೆಲ್ಲ ದಾಟಿ ಒಳಗೆ ಹೋಗಿ, ನಿಜ ಹೇಳಿದ ತಪ್ಪಿಗೆ, "ಬಿಟ್ಟು ಬಾ" ಅನ್ನಿಸಿಕೊಂಡು ವಾಪಸ್ ಬರಬೇಕು. ಮುಂದಿನ ಸಲ ಅವನು ಸುಳ್ಳು ಹೇಳಬೇಕು, ಇಲ್ಲಾ ಹೋಗಲೇಬಾರದು. ಹೆಚ್ಚಿನವರು ಹೋಗಲ್ಲ.

ಇದಕ್ಕೆ ಪರಿಹಾರ ರಾಕೆಟ್ ವಿಜ್ಞಾನ ಅಲ್ಲವೇ ಅಲ್ಲ. ಸಿರಿಂಜು ಮತ್ತು ಬುಪ್ರೆನಾರ್ಫಿನ್ ಕೊಡುವ ಕೇಂದ್ರದಲ್ಲೇ ಟೆಸ್ಟ್ ಮಾಡಿ, ಅಲ್ಲೇ ಮಾತ್ರೆ ಕೊಡಿ. ಅವನು ಹೇಗೂ ಅಲ್ಲಿಗೆ ದಿನಾ ಬರ್ತಾನೆ, ನಾಲಿಗೆ ಕೆಳಗೆ ಒಂದು ಮಾತ್ರೆ ಇಡುವಾಗ ಇನ್ನೆರಡು ನುಂಗಿಸಿ ಕಳಿಸಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಇದನ್ನು ಶಿಫಾರಸು ಮಾಡಿದೆ: ಚಿಕಿತ್ಸೆಯನ್ನು ದೊಡ್ಡಾಸ್ಪತ್ರೆಯಿಂದ ಕೆಳಗಿಳಿಸಿ, ಇರುವ ಸೇವೆಗಳ ಜೊತೆ ಸೇರಿಸಿ, ಸ್ಪೆಷಲಿಸ್ಟ್ ಅಲ್ಲದ ಡಾಕ್ಟರು, ನರ್ಸುಗಳಿಗೂ ವಹಿಸಿ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಂದಾಜು ಮಾಡೋಕೆ ಎಲ್ಲರಿಗೂ ದೊಡ್ಡ ಮಷೀನು ಬೇಕಿಲ್ಲ. ವಯಸ್ಸು, ಪ್ಲೇಟ್‌ಲೆಟ್, ಎರಡು ಲಿವರ್ ಕಿಣ್ವಗಳ ಅಂಕಿ ಇದ್ದರೆ ಫಿಬ್-4 ಅನ್ನೋ ಸೂತ್ರದಲ್ಲಿ ಹಾಕಿ ಮೊದಲ ಅಂದಾಜು ಸಿಗುತ್ತೆ. ಎಕ್ಸೆಲ್ ಶೀಟಿನ ಒಂದು ಸಾಲು, ನಾವು ದಿನಾ ಮಾಡೋ ಕೆಲಸ. ಇನ್ನು ವೈರಸ್ ಪತ್ತೆಯ ಟೆಸ್ಟು. ಟಿಬಿ ಮತ್ತು ಕೋವಿಡ್ ಟೆಸ್ಟಿಗೆ ಅಂತ ದೇಶದ ತುಂಬ ಹಂಚಿರುವ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರ ಇದೆಯಲ್ಲ, ಅದರಲ್ಲಿ ಚಿಪ್ ಬದಲಿಸಿದರೆ ಹೆಪಟೈಟಿಸ್ ಸಿ ವೈರಸ್ಸನ್ನೂ ಹುಡುಕಬಹುದು. ಆ ಯಂತ್ರದ ಹಿಂದಿನ ತಂತ್ರಜ್ಞಾನ ಹುಟ್ಟಿದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ. ಮಾತ್ರೆ ಮಾಡುವ ಲೈಸೆನ್ಸ್ ನಮ್ಮೂರಿಗೆ ಬಂದಿದೆ, ಯಂತ್ರ ನಮ್ಮೂರಲ್ಲಿ ಹುಟ್ಟಿದೆ. ನಮ್ಮೂರ ಹುಡುಗನಿಗೆ ಮಾತ್ರ ಎರಡೂ ಒಂದೇ ಕೋಣೆಯಲ್ಲಿ ಸಿಗ್ತಿಲ್ಲ.

ನಮ್ಮೂರ ಹುಡುಗ ಅಂದದ್ದು ಸುಮ್ಮನೆ ಅಲ್ಲ. ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆ, ದೇಶದಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಅಂತ ಅಂದಾಜಿಸಿತು. ಅಂಥವರು ಹೆಚ್ಚಿರುವ ರಾಜ್ಯಗಳ ಪಟ್ಟಿಯಲ್ಲಿ ಉತ್ತರ ಪ್ರದೇಶ, ಪಂಜಾಬ್, ದೆಹಲಿ, ಮಣಿಪುರ, ನಾಗಾಲ್ಯಾಂಡ್ ಜೊತೆಗೆ ಕರ್ನಾಟಕವೂ ಇದೆ. ಪಂಜಾಬಿನ ಮೇಲೆ ಸಿನಿಮಾ ಬಂತು, ನಮ್ಮ ಮೇಲೆ ಬರಲಿಲ್ಲ, ಅಷ್ಟೇ ವ್ಯತ್ಯಾಸ.

ಕೊನೆಯ ತಕರಾರು ಒಂದಿದೆ. "ಗುಣ ಮಾಡಿದ್ರೂ ಮತ್ತೆ ಚುಚ್ಕೊಂಡು ಮತ್ತೆ ತಂದ್ಕೋತಾರಲ್ಲ?" ಹೌದು, ಕೆಲವರಿಗೆ ಮತ್ತೆ ಬರುತ್ತೆ. ಸುಳ್ಳು ಹೇಳಲ್ಲ. ಈ ಕಾಯಿಲೆ ಒಮ್ಮೆ ಬಂದು ಹೋದರೆ ರಕ್ಷಣೆ ಸಿಗಲ್ಲ. ಹಾಗಂತ ಏನು ಮಾಡೋಣ? ಸ್ಟೆಂಟ್ ಹಾಕಿಸಿಕೊಂಡು ಬಂದ ಮಾವ ಆಸ್ಪತ್ರೆ ಗೇಟಿನ ಹೊರಗೇ ಸಿಗರೇಟು ಹಚ್ಚುತ್ತಾರೆ, ಎರಡನೇ ಸಲ ಎದೆನೋವು ಬಂದಾಗ ಆಂಬುಲೆನ್ಸ್ ವಾಪಸ್ ಕಳಿಸ್ತೀವಾ? ಹೆಲ್ಮೆಟ್ ಹಾಕದೆ ಬಿದ್ದವನ ತಲೆಗೆ ಹೊಲಿಗೆ ಹಾಕುವ ಮೊದಲು ಡಿಎಲ್ ಕೇಳ್ತೀವಾ? ಮತ್ತೆ ಬರಬಾರದು ಅಂದರೆ ದಾರಿ ಗೊತ್ತಿದೆ: ಹೊಸ ಸಿರಿಂಜು, ಬುಪ್ರೆನಾರ್ಫಿನ್, ಅವನ ಜೊತೆ ಚುಚ್ಚಿಕೊಳ್ಳುವವರಿಗೂ ಚಿಕಿತ್ಸೆ. ಮತ್ತೆ ಬಂದರೆ ಮತ್ತೆ 84 ದಿನ. ಇದರಲ್ಲಿ ಕ್ಷಮಿಸೋದು, ಶಿಕ್ಷಿಸೋದು ಏನೂ ಇಲ್ಲ, ಚಿಕಿತ್ಸೆ ಮಾತ್ರ ಇದೆ. "ಮತ್ತೆ ಬರುತ್ತೆ" ಅನ್ನೋದು ಸಿರಿಂಜು ಹೆಚ್ಚು ಹಂಚಲು ಕಾರಣ, ಮಾತ್ರೆ ಕೊಡದೇ ಇರಲು ಅಲ್ಲ.

ಡಾಕ್ಟರುಗಳನ್ನೆಲ್ಲ ಬೈಯೋಕೆ ನಾನು ಇದನ್ನು ಬರೀತಿಲ್ಲ. ದಿನಕ್ಕೆ ಇನ್ನೂರು ಜನರನ್ನು ನೋಡುವವರ ತಾಳ್ಮೆಗೂ ಮಿತಿ ಇದೆ, ಒಪ್ತೀನಿ. ನನ್ನ ಗೆಳೆಯನಿಗೆ ಕೊನೆಗೆ ಗುಣ ಮಾಡಿದ್ದೂ ಒಬ್ಬರು ಸರ್ಕಾರಿ ಡಾಕ್ಟರೇ. ಮೊದಲನೇ ಆಸ್ಪತ್ರೆಯಿಂದ ವಾಪಸ್ ಬಂದು ಒಂದೂವರೆ ವರ್ಷದ ಮೇಲೆ, ಸಿರಿಂಜು ಹಂಚುವ ಒಂದು ಕೇಂದ್ರದಲ್ಲಿ ಕೆಲಸ ಮಾಡುವ, ಹಿಂದೆ ತಾನೂ ಚುಚ್ಚಿಕೊಳ್ಳುತ್ತಿದ್ದ ಒಬ್ಬರು ಇವನನ್ನು ಕೈಹಿಡಿದು ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರಮ್ಮ ಬೇರೆ ಪ್ರಶ್ನೆ ಕೇಳಿದರು: "ದಿನಾ ಮಾತ್ರೆ ನೆನಪಿಸೋಕೆ ಯಾರಾದ್ರೂ ಇದ್ದಾರೇನಪ್ಪಾ?" ಇದ್ದೆ. ರಾತ್ರಿ ಒಂಬತ್ತಕ್ಕೆ ನನ್ನ ಫೋನಲ್ಲಿ ಅಲಾರಂ, ಅವನಿಗೆ ವಾಟ್ಸಾಪ್ ಮೆಸೇಜು, ಅವನಿಂದ ಖಾಲಿ ಸ್ಟ್ರಿಪ್ಪಿನ ಫೋಟೋ. ಆ 84 ದಿನದಲ್ಲಿ ಎರಡು ಸಲ ಜಾರಿ ಮತ್ತೆ ಚುಚ್ಚಿಕೊಂಡ, ನನಗೆ ಹೇಳಿದ. ಮಾತ್ರೆ ಒಂದನ್ನೂ ತಪ್ಪಿಸಲಿಲ್ಲ. ಮಾತ್ರೆ ಮುಗಿದು 12 ವಾರದ ಮೇಲೆ ಮಾಡಿದ ಟೆಸ್ಟಿನ ವರದಿಯಲ್ಲಿ ಎರಡೇ ಪದ: ನಾಟ್ ಡಿಟೆಕ್ಟೆಡ್. ವೈರಸ್ ಹೋಯಿತು. ಚಟ ಪೂರ್ತಿ ಹೋಗಿದೆ ಅಂತ ನಾನು ಹೇಳಲ್ಲ, ಅವನೂ ಹೇಳಲ್ಲ. ಬುಪ್ರೆನಾರ್ಫಿನ್ ತಗೊಂಡು ಕೆಲಸಕ್ಕೆ ಹೋಗ್ತಿದ್ದಾನೆ. ಚಟದ ಕಥೆ ಬೇರೆ, ಲಿವರಿನ ಕಥೆ ಬೇರೆ. ಎರಡನ್ನೂ ಗಂಟು ಹಾಕಿದ್ದು ನಾವು.

ಆದರೆ ವರದಿ ಬಂದ ದಿನ ಅವನು ಖುಷಿಯಾಗಿರಲಿಲ್ಲ. ಯಾಕೋ ಅಂದೆ. "ಬಿಟ್ಟು ಬಾ ಅಂದ್ರಲ್ಲ, ಆ ಒಂದೂವರೆ ವರ್ಷದಲ್ಲಿ ಇಬ್ಬರು ನನ್ನ ಸಿರಿಂಜ್ ಇಸ್ಕೊಂಡಿದ್ರು ಮಗಾ. ಒಬ್ಬನಿಗೆ ಹೇಳಿದೆ, ನಂಗೆ ಕಾಯಿಲೆ ಇದೆ ಅಂತ. ಪರವಾಗಿಲ್ಲ ಕೊಡು ಅಂದ. ಇನ್ನೊಬ್ಬನಿಗೆ ಹೇಳಲೇ ಇಲ್ಲ." ಅವರಿಬ್ಬರೂ ಈಗ ಎಲ್ಲಿದ್ದಾರೆ ಅಂತ ಅವನಿಗೆ ಗೊತ್ತಿಲ್ಲ. ಒಬ್ಬನ ನಂಬರ್ ಸ್ವಿಚ್ ಆಫ್, ಇನ್ನೊಬ್ಬನ ಪೂರ್ತಿ ಹೆಸರೂ ಗೊತ್ತಿಲ್ಲ. ಅವರಿಗೆ ಸೋಂಕು ತಗುಲಿದೆಯೋ ಇಲ್ಲವೋ, ಅವರಿಂದ ಮತ್ಯಾರಿಗೆ ಹೋಯಿತೋ, ಹತ್ತು ವರ್ಷದ ಮೇಲೆ ಯಾವ ಆಸ್ಪತ್ರೆಯ ಯಾವ ಹಾಸಿಗೆಯಲ್ಲಿ ಲೆಕ್ಕ ಸಿಗುತ್ತೋ.

ಗೆಳೆಯಾ, ಟ್ಯಾಕ್ಸ್ ದುಡ್ಡಿನ ಲೆಕ್ಕ ಕೇಳಿದ್ದೆ ಅಲ್ವಾ? ತಪ್ಪಿಲ್ಲ, ಕೇಳು. ಮಾತ್ರೆ ಕೊಟ್ಟದ್ದರ ಲೆಕ್ಕ ಮೇಲೆ ಬರೆದಿದ್ದೇನೆ. ಈಗ ಆಸ್ಪತ್ರೆಗೆ ಹೋಗಿ, ಕೊಡದೇ ಕಳಿಸಿದ ಆ ಒಂದೂವರೆ ವರ್ಷದ ಲೆಕ್ಕವನ್ನೂ ಕೇಳು. ನಾನೂ ಜೊತೆಗೆ ಬರ್ತೀನಿ.